ಹಾಲೂಡಿಸುವವಳ ಹರಕೆ

ಲೂರ್ದಮ್ಮ ನದಿ ದಂಡೆಯ ಆಶ್ರಮಕ್ಕೆ ಬಂದಾಗ ಅವಳ ಕಂಕುಳಲ್ಲಿ ಮಗುವಿತ್ತು, ಹೊಟ್ಟೆಯಲ್ಲಿ ಏನೂ ಇರಲಿಲ್ಲ.

ವಿಭೂತಿ ಬುಧವಾರದ ಬೂದಿ ಹಣೆಯ ಮೇಲೆ ಇನ್ನೂ ಅಂಟಿಕೊಂಡಿತ್ತು. ತೊಳೆಯಬಾರದು ಎಂದು ಅವಳಿಗೆ ಯಾರೂ ಹೇಳಿರಲಿಲ್ಲ. ಆದರೆ ಈ ಸಲದ ತಪಸ್ಸು ಕಾಲದಲ್ಲಿ, ಯೇಸುಸ್ವಾಮಿ ಎದ್ದ ಪಾಸ್ಖ ಹಬ್ಬದವರೆಗಿನ ನಲವತ್ತು ದಿನಗಳಲ್ಲಿ, ಯಾವುದರಲ್ಲೂ ಕುಂದು ಬರಬಾರದು ಎಂದು ಅವಳು ತೀರ್ಮಾನ ಮಾಡಿಬಿಟ್ಟಿದ್ದಳು.

ಆಶ್ರಮವೆಂದರೆ ಒಂದು ಹಂಚಿನ ಮನೆ, ಅಂಗಳದಲ್ಲಿ ಒಂದು ಮರದ ಶಿಲುಬೆ, ಒಂದು ಹೊಂಗೆ ಮರ. ಅಲ್ಲಿದ್ದವರು ಬ್ರಿಜಿತಮ್ಮ. ಒಂದು ಕಾಲಕ್ಕೆ ಕನ್ಯಾಸ್ತ್ರೀಯರ ಮಠದಲ್ಲಿದ್ದವರು. ಅದನ್ನು ಬಿಟ್ಟು, ಕಾವಿ ಸೀರೆ ಉಟ್ಟು, ಇಲ್ಲಿ ಬಂದು ಕೂತಿದ್ದರು. ಯಾಕೆ ಬಿಟ್ಟಿರಿ ಎಂದು ಕೇಳುವ ಆಸೆ ಊರಿಗೆಲ್ಲ ಇತ್ತು, ಅವರ ನಾಲಿಗೆಯ ಭಯ ಅದಕ್ಕಿಂತ ಹೆಚ್ಚಿತ್ತು. ಎಲ್ಲರೂ ಅವರನ್ನು ಅವ್ವ ಎನ್ನುತ್ತಿದ್ದರು.

ಅವ್ವ ಜಗಲಿಯಲ್ಲಿ ಕೂತು ಸೊಪ್ಪು ಬಿಡಿಸುತ್ತಿದ್ದರು.

"ಏನು ಬೇಕು?"

"ಉಪವಾಸ ಕಲಿಸಿ ಅವ್ವಾ."

"ಅದರಲ್ಲಿ ಕಲಿಯೋದೇನಿದೆ? ಬಾಯಿ ಮುಚ್ಚಿದರಾಯಿತು."

"ತಪ್ಪಿಲ್ಲದ ಉಪವಾಸ ಕಲಿಸಿ."

ಅವ್ವ ತಲೆಯೆತ್ತಿದರು.

"ಅಂಥ ಉಪವಾಸ ಮಾಡೋರು ಇದ್ದಾರೆ. ಚರ್ಚಿನ ಹಿಂದೆ, ಸಮಾಧಿ ಒಳಗೆ. ತುತ್ತು ಮುಟ್ಟಲ್ಲ, ನೀರು ಮುಟ್ಟಲ್ಲ, ಪಕ್ಕದವರ ಮೇಲೆ ಚಾಡಿನೂ ಹೇಳಲ್ಲ. ನೀನಿನ್ನೂ ಉಸಿರಾಡ್ತಾ ಇದ್ದೀಯ. ನಿನಗೆ ಹೇಗೆ ಕಲಿಸಲಿ?"

ಲೂರ್ದಮ್ಮ ನಗಲಿಲ್ಲ. ನಿಂತಲ್ಲೇ ನಿಂತಳು.

ಅವ್ವ ಅವಳ ಮುಖವನ್ನು ಸ್ವಲ್ಪ ಹೊತ್ತು ನೋಡಿದರು. ಆಮೇಲೆ ಸೊಪ್ಪಿನ ಮೊರವನ್ನು ಪಕ್ಕಕ್ಕಿಟ್ಟರು.

"ಯಾರು ಹೋದರು?"

"ಮಗ. ಸಿರಿಲ್ ಅಂತ. ಹೋದ ವರ್ಷ, ಇದೇ ತಪಸ್ಸು ಕಾಲದಲ್ಲಿ."

"ಏನಾಗಿತ್ತು?"

"ಜ್ವರ. ಮೆದುಳಿಗೆ ಏರಿತು ಅಂದರು ಆಸ್ಪತ್ರೆಯಲ್ಲಿ." ಅವಳು ಮಗುವನ್ನು ಇನ್ನೊಂದು ಕಂಕುಳಿಗೆ ಬದಲಿಸಿಕೊಂಡಳು. "ಆದರೆ ಅದಲ್ಲ ಕಾರಣ. ಹರಕೆ ಮುರಿದದ್ದು ನಾನು."

ಅವ್ವ ಕೂತುಕೋ ಎಂದು ಕೈ ತೋರಿಸಿದರು. ಲೂರ್ದಮ್ಮ ಕೂತು ಹೇಳಿದಳು.

ಸಿರಿಲ್ ಮಲಗಿದಾಗ ಅತ್ತೆ ಆರೋಗ್ಯಮ್ಮ ಹರಕೆ ಹೊತ್ತಿದ್ದರು. ಮಗು ಏಳುವ ತನಕ ಪ್ರತಿ ಶುಕ್ರವಾರ ಸೊಸೆ ಸೂರ್ಯ ಮುಳುಗುವವರೆಗೆ ನೀರು ಕೂಡ ಮುಟ್ಟುವುದಿಲ್ಲ ಎಂದು. ಸೊಸೆ ಮುಟ್ಟಲಿಲ್ಲ. ಒಂದು ಶುಕ್ರವಾರ ಮಾತ್ರ, ಆಸ್ಪತ್ರೆಯಿಂದ ಬಿಸಿಲಲ್ಲಿ ನಡೆದು ಬಂದವಳಿಗೆ ಅಡುಗೆಮನೆಯಲ್ಲಿ ಕಣ್ಣು ಕತ್ತಲೆ ಬಂತು. ಕೈಗೆ ಸಿಕ್ಕಿದ ಡಬ್ಬಿಯಿಂದ ಒಂದು ಚೂರು ಬೆಲ್ಲ ಬಾಯಿಗೆ ಹಾಕಿಕೊಂಡಳು. ತಿರುಗಿ ನೋಡಿದರೆ ಬಾಗಿಲಲ್ಲಿ ಅತ್ತೆ. ಅದಾದ ಭಾನುವಾರ, ಚರ್ಚಿನ ಗಂಟೆ ಹೊಡೆಯುವ ಹೊತ್ತಿಗೆ, ಮಗು ಹೋಯಿತು.

"ಮಣ್ಣು ಕೊಟ್ಟು ಬಂದ ಮೇಲೆ ಅತ್ತೆ ಎಲ್ಲರ ಮುಂದೆ ಹೇಳಿದರು ಅವ್ವಾ. ನಿನ್ನ ಬಾಯಿಚಪಲ ನನ್ನ ಮೊಮ್ಮಗನನ್ನ ತಿಂತು ಅಂತ."

"ನಿನ್ನ ಗಂಡ ಏನಂದ?"

"ಅವರು ಗೋಡೆ ನೋಡ್ತಾ ಇದ್ದರು."

"ಚೆನ್ನಾಗಿತ್ತಾ ಗೋಡೆ?"

ಕಂಕುಳಲ್ಲಿದ್ದ ಮಗು ಅಳುವುದಕ್ಕೆ ಬಾಯಿ ತೆರೆಯಿತು. ಬಾಯಿ ತೆರೆದಷ್ಟು ಸದ್ದು ಬರಲಿಲ್ಲ.

"ಇವಳು?"

"ಜಸಿಂತ. ಐದು ತಿಂಗಳಾಯಿತು. ತೂಕ ಏರ್ತಿಲ್ಲ. ಓರಗೆಯ ಮಕ್ಕಳೆಲ್ಲ ಕವುಚಿಕೊಳ್ತಾವೆ, ಇವಳು ಮಲಗಿಸಿದ ಹಾಗೇ ಮಲಗಿರ್ತಾಳೆ. ಆಸ್ಪತ್ರೆಗೆ ಕರಕೊಂಡು ಹೋದೆವು. ಕಾಯಿಲೆ ಏನೂ ಇಲ್ಲ, ತಾಯಿಗೆ ಹೊಟ್ಟೆ ತುಂಬ ಊಟ ಕೊಡಿ ಅಂದರು."

"ಕೊಟ್ಟರಾ?"

"ಅತ್ತೆ ಹರಕೆ ಹೊತ್ತುಕೊಂಡರು. ಪಾಸ್ಖ ಹಬ್ಬದವರೆಗೂ ದಿನಕ್ಕೆ ಒಂದೇ ಲೋಟ ಗಂಜಿ ತಿಳಿ, ಅದೂ ಸಂಜೆ ಮೇಲೆ."

"ಯಾರ ಹೊಟ್ಟೆ ಮೇಲೆ ಹೊತ್ತುಕೊಂಡರು?"

"ನನ್ನ ಹೊಟ್ಟೆ ಮೇಲೆ."

"ಹಾಲೂಡಿಸೋ ತಾಯಿಗೆ ಉಪವಾಸದ ಕಟ್ಟಳೆ ಇಲ್ಲ ಅಂತ ಪೂಜೆಯಲ್ಲಿ ಸ್ವಾಮಿಗಳು ಹೇಳಿದರಲ್ಲ. ಕೇಳಿಸಲಿಲ್ಲವಾ?"

"ನನಗೆ ಕೇಳಿಸಿತು. ಅತ್ತೆಗೆ ಕೇಳಿಸಲಿಲ್ಲ."

ಅವ್ವನ ತುಟಿಯ ತುದಿಯಲ್ಲಿ ನಗು ಬಂದು ಹೋಯಿತು.

"ನಿನಗೆ ಕೇಳಿಸಿತಲ್ಲ. ಮತ್ತೆ ಯಾಕೆ ಬಂದೆ?"

"ಒಂದು ಸಲ ಕಟ್ಟಳೆ ಮೀರಿ ನೋಡಿದ್ದೀನಿ ಅವ್ವಾ," ಎಂದಳು ಲೂರ್ದಮ್ಮ. "ಇನ್ನೊಂದು ಸಲ ಮೀರೋಕೆ ನನ್ನ ಹತ್ತಿರ ಇವಳನ್ನ ಬಿಟ್ಟು ಇನ್ನು ಮಕ್ಕಳಿಲ್ಲ."

ಅವ್ವ ಬಿಡಿಸಿದ ಸೊಪ್ಪನ್ನು ಮೊರದ ಒಂದು ಕಡೆಗೆ ಒಟ್ಟುಮಾಡಿದರು. ಆಮೇಲೆ ಎದ್ದರು.

"ಇರು. ಇಲ್ಲಿ ಒಂದೇ ಕಟ್ಟಳೆ. ಊಟದ ಹೊತ್ತಿಗೆ ಎಲ್ಲರೂ ತಟ್ಟೆ ಮುಂದೆ ಕೂರಬೇಕು. ಉಣ್ಣೋದು ಬಿಡೋದು ಅವರವರಿಗೆ ಬಿಟ್ಟದ್ದು."

ಹೀಗೆ ಲೂರ್ದಮ್ಮ ಬ್ರಿಜಿತಮ್ಮನ ಶಿಷ್ಯೆಯಾದಳು.

ಮಧ್ಯಾಹ್ನ ಅವ್ವ ಎರಡು ತಟ್ಟೆ ಇಟ್ಟರು. ಎರಡರಲ್ಲೂ ರಾಗಿ ಮುದ್ದೆ, ಸೊಪ್ಪಿನ ಸಾರು. ಹಬೆಯಾಡುತ್ತಿತ್ತು. ಲೂರ್ದಮ್ಮ ಶಿಲುಬೆಯ ಗುರುತು ಹಾಕಿಕೊಂಡು ಕಣ್ಣು ಮುಚ್ಚಿದಳು. ಮೂಗನ್ನು ಮುಚ್ಚುವಂತಿರಲಿಲ್ಲ. ಕರುಣೆ ತೋರು ಸ್ವಾಮಿ, ಕರುಣೆ ತೋರು ಸ್ವಾಮಿ ಎಂದು ವಾಸನೆ ಅಡಗುವ ತನಕ ಹೇಳಿದಳು.

ಕಣ್ಣು ಬಿಟ್ಟಾಗ ತಟ್ಟೆಗಳಿರಲಿಲ್ಲ.

"ಊಟ ಏನು ಮಾಡಿದಿರಿ ಅವ್ವಾ?"

"ದಂಡೆಯಲ್ಲಿ ಮರಳು ತೋಡೋರ ಗುಡಿಸಲಿಗೆ ಕೊಟ್ಟೆ. ಉಪವಾಸ ಮಾಡಿದವರ ಪಾಲು ಹಸಿದವರಿಗೆ ಹೋಗಬೇಕು. ಇಲ್ಲದಿದ್ದರೆ ಅದು ಉಳಿತಾಯ, ಉಪವಾಸ ಅಲ್ಲ."

ಲೂರ್ದಮ್ಮನಿಗೆ ಅದು ಹಿಡಿಸಿತು. ತನ್ನ ಹಸಿವಿನಿಂದ ಯಾರದೋ ಹೊಟ್ಟೆ ತುಂಬಿತು. ಲೆಕ್ಕದಲ್ಲಿ ಇದೂ ಸೇರುತ್ತದೆ ಎಂದುಕೊಂಡಳು.

ಅಷ್ಟರಲ್ಲಿ ಅವ್ವ ಹಸುವಿನ ಹಾಲಿಗೆ ನೀರು ಬೆರೆಸಿ ಕಾಯಿಸಿ, ಆರಿಸಿ, ಕೂಸುಗಳಿಗೆ ಹಾಲು ಹಾಕುವ ಮೂತಿಯ ಬಟ್ಟಲು ಒಳಲೆಯಲ್ಲಿ ಹಾಕಿಕೊಂಡು ಬಂದರು. ಮಗುವನ್ನು ತೊಡೆಯ ಮೇಲೆ ಮಲಗಿಸಿಕೊಂಡು ಕುಡಿಸತೊಡಗಿದರು.

ಲೂರ್ದಮ್ಮ ಗಾಬರಿಯಾದಳು. "ಅವ್ವಾ, ಹರಕೆ!"

"ಹರಕೆ ನಿನ್ನದು. ಇವಳು ಹೊತ್ತಿಲ್ಲ. ಬೇಕಾದರೆ ಕೇಳಿ ನೋಡು."

ಮಗು ಅರ್ಧ ಕುಡಿಯಿತು, ಅರ್ಧ ಕಟವಾಯಿಯಿಂದ ಸುರಿಸಿತು. ಆಮೇಲೆ ಅವ್ವನ ಒಣಗಿದ ಎದೆಯ ಕಡೆ ಮುಖ ತಿರುಗಿಸಿ ಬಾಯಿಯಿಂದ ತಡಕಾಡಿತು.

"ಅಯ್ಯೋ ಹುಚ್ಚಿ," ಎಂದರು ಅವ್ವ, "ಅಂಗಡಿ ತಪ್ಪಿ ಬಂದೆಯಲ್ಲ."

ಲೂರ್ದಮ್ಮ ಮುಖ ಬೇರೆ ಕಡೆ ಮಾಡಿಕೊಂಡಳು.

ದಿನಗಳು ಹೋದವು. ಲೂರ್ದಮ್ಮ ಅಂಗಳ ಗುಡಿಸಿದಳು, ಒಲೆಗೆ ಪುಳ್ಳೆ ಆರಿಸಿದಳು, ಶಿಲುಬೆಯ ಮುಂದೆ ಮಂಡಿಯೂರಿ ಜಪಮಣಿ ಎಣಿಸಿದಳು. ಮಧ್ಯಾಹ್ನ ತಟ್ಟೆಯ ಮುಂದೆ ಕೂತು ಕಣ್ಣು ಮುಚ್ಚಿದಳು. ಸಂಜೆ ಒಂದು ಲೋಟ ಗಂಜಿ ತಿಳಿ. ಉಗುಳು ನುಂಗುವಾಗಲೂ ಅವಳಿಗೆ ಅನುಮಾನ, ಇದರಲ್ಲಿ ಏನಾದರೂ ರುಚಿ ಇತ್ತೇ ಎಂದು.

ಒಮ್ಮೆ ಕೇಳಿದಳು, "ಅವ್ವಾ, ಯೇಸುಸ್ವಾಮಿ ಮರಳುಗಾಡಿನಲ್ಲಿ ಅಷ್ಟು ದಿನ ಹೇಗೆ ತಡಕೊಂಡರು?"

"ಅವರ ಎದೆಯಲ್ಲಿ ಹಾಲು ಕುಡಿಯೋ ಮಗು ಇರಲಿಲ್ಲ."

"ಹಾಗಂತ ಹೆಂಗಸರಿಗೆ ತಪಸ್ಸು ಇಲ್ಲವಾ?"

"ಮರಿಯಮ್ಮನವರು ಗೋದಲಿಯಲ್ಲಿ ಹೆತ್ತು, ಮಾರನೇ ದಿನದಿಂದ ಉಪವಾಸ ಕೂತರು ಅಂತ ಎಲ್ಲಾದರೂ ಕೇಳಿದ್ದೀಯಾ?"

"ಇಲ್ಲ."

"ನಾನೂ ಕೇಳಿಲ್ಲ. ಕೂಸು ನೋಡೋಕೆ ಕುರುಬರು ಬಂದರಲ್ಲ, ಬರಿಗೈಯಲ್ಲಿ ಬಂದಿರಲಾರರು. ಯಾರಾದರೊಬ್ಬರ ಹೆಂಡತಿ ಏನಾದರೂ ಕಟ್ಟಿ ಕಳಿಸಿರುತ್ತಾಳೆ. ಬರೆದಿಡೋರು ಗಂಡಸರು, ಅದನ್ನ ಬರೆಯೋದು ಮರೆತರು."

ಲೂರ್ದಮ್ಮನಿಗೆ ಇದು ಧರ್ಮನಿಂದೆಯೋ ಉಪದೇಶವೋ ತಿಳಿಯಲಿಲ್ಲ. ಎದೆಯ ಮೇಲೆ ಶಿಲುಬೆಯ ಗುರುತು ಹಾಕಿಕೊಂಡಳು. ಯಾವುದಾದರೂ ಇರಲಿ, ಹಾಕಿಕೊಂಡರೆ ನಷ್ಟವಿಲ್ಲ.

ಒಂದು ಶುಕ್ರವಾರ ಊರಿನ ಹೆಂಗಸರು ಶಿಲುಬೆ ಹಾದಿಯ ಪ್ರಾರ್ಥನೆ ಮುಗಿಸಿ ಆಶ್ರಮದ ಕಡೆ ಬಂದರು. ಶುಕ್ರವಾರ ಮಾಂಸ ಬಿಟ್ಟು, ಅದರ ಬದಲಿಗೆ ಮೀನು ಹುರಿದು ತಿಂದು, ಯೇಸುಸ್ವಾಮಿಗಾಗಿ ನಾಲಿಗೆ ಕಟ್ಟಿದೆವು ಎಂದುಕೊಳ್ಳುವ ಹೆಂಗಸರು. ಅವರ ಸೆರಗಿನಲ್ಲಿ ಇನ್ನೂ ಹುರಿದ ಎಣ್ಣೆಯ ವಾಸನೆಯಿತ್ತು. ಲೂರ್ದಮ್ಮನ ಕೆನ್ನೆಯ ಗುಳಿಯನ್ನು, ಎದ್ದು ನಿಂತ ಕೊರಳ ಮೂಳೆಯನ್ನು ಅವರು ನೋಡಿದರು.

"ಹೆಂಗಸು ಅಂದರೆ ಹೀಗಿರಬೇಕು," ಎಂದಳು ಒಬ್ಬಳು.

"ಕಳೆ ನೋಡು ಮುಖದ ಮೇಲೆ. ಸಂತಮ್ಮನ ಕಳೆ," ಎಂದಳು ಇನ್ನೊಬ್ಬಳು.

ಅವರೆಲ್ಲ ಅವಳ ಕೈ ಮುಟ್ಟಿ ಕಣ್ಣಿಗೊತ್ತಿಕೊಂಡು ಹೋದರು. ಸಿರಿಲ್ ಹೋದಾಗಿನಿಂದ ಊರಿನಲ್ಲಿ ಯಾರೂ ಅವಳ ಕೈ ಮುಟ್ಟಿರಲಿಲ್ಲ. ಅವಳ ಮೈಯೊಳಗೆ ಏನೋ ಬೆಚ್ಚಗಾಯಿತು.

ಸಂಜೆ ಅವಳು ಗಂಜಿ ತಿಳಿಗೆ ಲೋಟ ಹಿಡಿದಾಗ ಅವ್ವ ಕೊಡಲಿಲ್ಲ.

"ಇವತ್ತು ನಿನ್ನ ಹೊಟ್ಟೆ ತುಂಬಿದೆ. ಮಧ್ಯಾಹ್ನವೇ ಆ ಹೆಂಗಸರು ಬಡಿಸಿ ಹೋದರಲ್ಲ."

ಲೂರ್ದಮ್ಮನಿಗೆ ಮುಖಕ್ಕೆ ಹೊಡೆದಷ್ಟು ಅವಮಾನವಾಯಿತು. ಮಾತಾಡದೆ ಲೋಟ ಕವುಚಿಟ್ಟಳು. ಅವ್ವನಿಗೆ ನನ್ನ ತಪಸ್ಸು ಕಂಡರೆ ಹೊಟ್ಟೆಕಿಚ್ಚು ಎಂದು ಒಂದು ಕ್ಷಣ ಅಂದುಕೊಂಡಳು. ಅಂದುಕೊಂಡದ್ದು ಪಾಪ ಎಂದು ಜಪಮಣಿ ಹಿಡಿದು ಕೂತಳು.

ಅವ್ವ ಲೋಟವನ್ನು ಎತ್ತಿ ಗಂಜಿ ತಿಳಿ ತುಂಬಿಸಿ ಅವಳ ಪಕ್ಕದಲ್ಲಿಟ್ಟು ಹೋದರು. ಅವಳು ಹಟಕ್ಕೆ ಅದನ್ನೂ ಕುಡಿಯಲಿಲ್ಲ.

ಮಾರನೇ ದಿನ ಬೆಳಗ್ಗೆ ಮಗು ಎದೆಗೆ ಬಾಯಿ ಹಾಕಿ, ಎಳೆದು, ಏನೂ ಸಿಗದೆ ಬಾಯಿ ತೆಗೆಯಿತು. ಅಳಲಿಲ್ಲ. ಅದರ ನೆತ್ತಿಯ ಮೇಲೆ ಕೈಯಿಟ್ಟ ಲೂರ್ದಮ್ಮನಿಗೆ ಬೆರಳ ಕೆಳಗೆ ಚಿಕ್ಕ ಗುಳಿ ಸಿಕ್ಕಿತು. ಕೆಳಗೆ ಹಾಸಿದ ಬಟ್ಟೆ ಮುಟ್ಟಿದಳು. ಒಣಗಿತ್ತು; ರಾತ್ರಿಯಿಂದ ಮಗು ಉಚ್ಚೆ ಹೊಯ್ದಿರಲಿಲ್ಲ.

ಅವಳು ಮಗುವನ್ನೆತ್ತಿಕೊಂಡು ಓಡಿದಳು. ಅವ್ವ ಮನೆಯಲ್ಲಿರಲಿಲ್ಲ. ನೀರಿಗೆ ಹೋಗಿದ್ದರು.

ನದಿಯ ಮೆಟ್ಟಿಲ ಮೇಲೆ ಬಿಂದಿಗೆ ಉರುಳಿ ಬಿದ್ದಿತ್ತು. ಅದರ ಪಕ್ಕದಲ್ಲಿ ಅವ್ವ ಬಿದ್ದಿದ್ದರು.

ಲೂರ್ದಮ್ಮ ಮಗುವನ್ನು ಮೆಟ್ಟಿಲ ಮೇಲೆ ಮಲಗಿಸಿ ಅವ್ವನ ತಲೆಯನ್ನು ತೊಡೆಯ ಮೇಲೆ ಎತ್ತಿಕೊಂಡಳು. ಮುಖಕ್ಕೆ ನೀರು ಹಾಕಿದಳು. ಆ ತಲೆ ಎಷ್ಟು ಹಗುರವಾಗಿತ್ತೆಂದರೆ ಅವಳಿಗೆ ಭಯವಾಯಿತು. ಕಾವಿ ಸೀರೆಯೊಳಗೆ ಮನುಷ್ಯರು ಇದ್ದಾರೋ ಇಲ್ಲವೋ ಎನ್ನುವ ಹಾಗಿತ್ತು.

"ಅವ್ವಾ, ಏನಾಯಿತು?"

ಅವ್ವ ಕಣ್ಣು ತೆರೆದರು.

"ಏನೂ ಇಲ್ಲ. ಹಸಿವು."

"ಹಸಿವಾ? ನೀವು ಉಣ್ಣಲಿಲ್ಲವಾ?"

"ಇಲ್ಲ."

"ಯಾವತ್ತಿನಿಂದ?"

"ನೀನು ಬಂದಾಗಿನಿಂದ. ಸಂಜೆ ಒಂದು ಲೋಟ ಗಂಜಿ ತಿಳಿ ಕುಡಿದಿದ್ದೀನಿ. ನಿನ್ನ ಹಾಗೇ."

"ನಿಮ್ಮ ಮುಂದೆ ತಟ್ಟೆ ಇರುತ್ತಿತ್ತಲ್ಲ ಅವ್ವಾ!"

"ಇರುತ್ತಿತ್ತು. ಎರಡೂ ತಟ್ಟೆ ಒಟ್ಟಿಗೆ ಹೋಗುತ್ತಿತ್ತು. ನೀನು ನೋಡಲಿಲ್ಲ. ನಿನಗೆ ನಿನ್ನ ಬಾಯಿ ಕಾಯೋದೇ ದೊಡ್ಡ ಕೆಲಸ."

ಲೂರ್ದಮ್ಮನಿಗೆ ಅಳು ಬಂತು. ಅದಕ್ಕಿಂತ ಹೆಚ್ಚಾಗಿ ಸಿಟ್ಟು ಬಂತು. "ಯಾಕೆ ಹೀಗೆ ಮಾಡಿದಿರಿ? ಈ ವಯಸ್ಸಿನಲ್ಲಿ! ನಿಮಗೇನಾದರೂ ಆಗಿದ್ದರೆ ಅದೂ ನನ್ನ ತಲೆ ಮೇಲೇ ಬರುತ್ತಿತ್ತು!"

"ನಿನ್ನ ಹರಕೆಯನ್ನ ನಾನು ಎತ್ತಿಕೊಂಡೆ. ಬಂದ ದಿನವೇ. ಒಂದು ಹರಕೆಗೆ ಒಬ್ಬರು ಸಾಕು. ನೀನು ಸುಮ್ಮನೆ ಬಿಟ್ಟಿ ಉಪವಾಸ ಮಾಡ್ತಾ ಇದ್ದೆ."

"ಹೇಳಬಾರದಿತ್ತಾ?"

"ಹೇಳಿದ್ದರೆ ಕೊಡ್ತಿದ್ದೆಯಾ?"

ಲೂರ್ದಮ್ಮ ಕೊಡುತ್ತಿರಲಿಲ್ಲ. ಆ ಹರಕೆ ಅವಳ ಆಸ್ತಿಯಾಗಿತ್ತು.

"ನಾನೂ ತಡ ಮಾಡಿದೆ," ಎಂದರು ಅವ್ವ. ಮೊದಲ ಸಲ ಅವರ ದನಿ ಮೆತ್ತಗಾಯಿತು. "ಒಂದೆರಡು ದಿನದಲ್ಲಿ ತಿರುಗಿ ನೋಡ್ತೀಯ ಅಂದುಕೊಂಡೆ. ಒಳಲೆ ಹಾಲಲ್ಲಿ ಮಗು ತಡಕೊಳ್ಳುತ್ತೆ ಅಂದುಕೊಂಡೆ. ನನಗೂ ಹಟ ಇತ್ತು, ನಿನಗೆ ಕಲಿಸಬೇಕು ಅನ್ನೋ ಹಟ."

"ಒಬ್ಬರ ಹರಕೆಯನ್ನ ಇನ್ನೊಬ್ಬರು ಹೊರಬಹುದಾ ಅವ್ವಾ? ದೇವರು ಒಪ್ಪುತ್ತಾನಾ?"

"ಯೇಸುಸ್ವಾಮಿ ಹೊತ್ತದ್ದು ಯಾರ ಶಿಲುಬೆ ಅಂದುಕೊಂಡೆ?"

ಮೆಟ್ಟಿಲ ಮೇಲೆ ಮಲಗಿದ್ದ ಮಗು ಒಂದು ಸಣ್ಣ ಸದ್ದು ಮಾಡಿತು. ಇಬ್ಬರೂ ಅದರ ಕಡೆ ನೋಡಿದರು.

"ನಾನು ಉಂಡರೆ ಇವಳು ಉಳಿಯುತ್ತಾಳಾ?" ಲೂರ್ದಮ್ಮ ಕೇಳಿದಳು.

"ಗೊತ್ತಿಲ್ಲ."

"ಗೊತ್ತಿಲ್ಲ ಅಂದರೆ?"

"ಗೊತ್ತಿಲ್ಲ ಅಂದರೆ ಗೊತ್ತಿಲ್ಲ. ಹಾಲು ಬರುತ್ತೆ. ಅಷ್ಟು ಗೊತ್ತು."

ಅವತ್ತು ಅಡುಗೆ ಮಾಡಿದ್ದು ಲೂರ್ದಮ್ಮ. ಅವ್ವ ಗೋಡೆಗೆ ಒರಗಿ ಕೂತು ಅದು ಸಾಲದು, ಇದು ಹೆಚ್ಚಾಯಿತು ಎಂದು ತಕರಾರು ಮಾಡುತ್ತಿದ್ದರು. ಮುದ್ದೆ ಗಂಟಾಗಿತ್ತು.

ಮೊದಲ ತುತ್ತನ್ನು ಅವಳು ಸಾರಿನಲ್ಲಿ ಅದ್ದಿ ಬಾಯಿಯ ಹತ್ತಿರ ತಂದಳು. ಅಲ್ಲೇ ಹಿಡಿದುಕೊಂಡಳು. ಬಾಗಿಲ ಕಡೆ ನೋಡಿದಳು. ಅಲ್ಲಿ ಯಾರೂ ಇರಲಿಲ್ಲ, ಆದರೂ ನೋಡಿದಳು.

"ಭಯ ಆಗುತ್ತೆ ಅವ್ವಾ."

"ಆಗಲಿ. ಭಯದ ಜೊತೆಗೇ ನುಂಗು. ಮುದ್ದೆ ಹೇಗೂ ಅಗಿಯೋ ಹಾಗಿಲ್ಲ."

ನುಂಗಿದಳು. ತುತ್ತು ಗಂಟಲಿನಿಂದ ಇಳಿಯುವಾಗ ಯಾರೋ ಒಳಗಿನಿಂದ ಕಿರುಚಿದ ಹಾಗಾಯಿತು. ಮಗುವಿನ ಕಡೆ ನೋಡಿದಳು. ಮಗು ಉಸಿರಾಡುತ್ತಿತ್ತು. ಎರಡನೇ ತುತ್ತು ನುಂಗಿ ಮತ್ತೆ ನೋಡಿದಳು. ಇಡೀ ಊಟವನ್ನು ಹಾಗೇ ಉಂಡಳು, ತುತ್ತಿಗೊಮ್ಮೆ ಮಗುವಿನ ಮೂಗಿನ ಕೆಳಗೆ ಬೆರಳು ಹಿಡಿದು ನೋಡುತ್ತಾ. ಆ ಊಟದಲ್ಲಿ ರುಚಿ ಇತ್ತು ಎಂದು ಯಾರಾದರೂ ಹೇಳಿದ್ದರೆ ಅವಳು ಅವರ ಮುಖಕ್ಕೆ ತಟ್ಟೆ ಎಸೆಯುತ್ತಿದ್ದಳು.

ಮುಂದಿನ ದಿನಗಳಲ್ಲಿ ಅವ್ವ ಒಳಲೆ ಬಿಡಲಿಲ್ಲ, ಲೂರ್ದಮ್ಮ ತಟ್ಟೆ ಬಿಡಲಿಲ್ಲ. ಹುರುಳಿ ಕಟ್ಟು, ನುಗ್ಗೆಸೊಪ್ಪು, ಬೆಳ್ಳುಳ್ಳಿ ಹಾಕಿದ ಸಾರು. ಮಗುವನ್ನು ಗಳಿಗೆಗೊಮ್ಮೆ ಎದೆಗೆ ಹಾಕು ಎಂದರು ಅವ್ವ. ಹಾಲು ಇಲ್ಲದಿದ್ದರೂ ಹಾಕು ಎಂದರು. ಎಳೆದೂ ಎಳೆದೂ ಒಂದು ಬೆಳಗ್ಗೆ ಮಗು ಗುಟುಕು ನುಂಗಿದ ಸದ್ದು ಕೇಳಿಸಿತು.

ಅವತ್ತು ಮಧ್ಯಾಹ್ನ ಲೂರ್ದಮ್ಮ ಮಗುವಿಗೆ ಹಾಸಿದ್ದ ಹಳೇ ಸೀರೆಯ ತುಂಡನ್ನು ಬಾವುಟದಂತೆ ಹಿಡಿದುಕೊಂಡು ಅಂಗಳಕ್ಕೆ ಓಡಿ ಬಂದಳು.

"ಅವ್ವಾ, ಒದ್ದೆ! ನೋಡಿ, ಮುಟ್ಟಿ ನೋಡಿ, ಪೂರ್ತಿ ಒದ್ದೆ!"

"ಮುಟ್ಟೋದು ಬೇಡ, ಇಲ್ಲಿಗೇ ವಾಸನೆ ಬರ್ತಿದೆ," ಎಂದರು ಅವ್ವ. ಆದರೂ ಕೈ ಚಾಚಿ ಮುಟ್ಟಿದರು.

ಪಾಸ್ಖ ಹಬ್ಬಕ್ಕೆ ಮುಂಚಿನ ಪವಿತ್ರ ವಾರ ಹತ್ತಿರ ಬರುತ್ತಿತ್ತು. ಅವ್ವನಿಗೆ ಎದ್ದು ಓಡಾಡಲು ಆಗುತ್ತಿರಲಿಲ್ಲ. ನೀವೂ ಉಣ್ಣಿ ಎಂದು ಲೂರ್ದಮ್ಮ ದಿನವೂ ಜಗಳವಾಡುತ್ತಿದ್ದಳು. ಹೊತ್ತದ್ದು ಹೊತ್ತಾಯಿತು, ಹಬ್ಬದ ದಿನ ಉಣ್ಣುತ್ತೇನೆ ಎನ್ನುತ್ತಿದ್ದರು ಅವ್ವ. ನನಗೆ ಒಂದು ನ್ಯಾಯ, ನಿಮಗೆ ಒಂದು ನ್ಯಾಯವಾ ಎಂದು ಅವಳು ಕೇಳಿದರೆ, ನನ್ನ ಎದೆಯ ಹಾಲು ನಂಬಿ ಯಾರೂ ಬದುಕಿಲ್ಲ ಎನ್ನುತ್ತಿದ್ದರು.

ಆರೋಗ್ಯಮ್ಮ ಬಂದದ್ದು ಊಟದ ಹೊತ್ತಿಗೆ ಸರಿಯಾಗಿ.

ಸೊಸೆ ತಪಸ್ಸಿಗೆ ಕೂತು ಸಂತಮ್ಮನಾಗಿದ್ದಾಳೆ ಎಂದು ಊರ ಹೆಂಗಸರು ಹೇಳಿದ್ದನ್ನು ಕೇಳಿ, ಕಣ್ಣಾರೆ ನೋಡಲು ಬಂದಿದ್ದಳು. ಬಾಗಿಲಲ್ಲಿ ನಿಂತಳು. ಕಂಡದ್ದು, ತಟ್ಟೆ ತುಂಬ ಅನ್ನ, ಕಟ್ಟಿನ ಸಾರು. ಸೊಸೆ ಎಡಗೈಯಲ್ಲಿ ಮಗುವನ್ನು ಎದೆಗೆ ಒತ್ತಿಕೊಂಡು ಬಲಗೈಯಲ್ಲಿ ಉಣ್ಣುತ್ತಿದ್ದಳು.

ಲೂರ್ದಮ್ಮನ ಕೈ ಗಾಳಿಯಲ್ಲಿ ನಿಂತಿತು.

"ತಿಂತಾ ಇದ್ದೀಯಾ?" ಎಂದಳು ಆರೋಗ್ಯಮ್ಮ. ಕಿರುಚಲಿಲ್ಲ. ಕಿರುಚಿದ್ದರೆ ಚೆನ್ನಾಗಿತ್ತು. "ಮತ್ತೆ ತಿಂತಾ ಇದ್ದೀಯಾ? ಹೋದ ವರ್ಷ ನನ್ನ ಚಿನ್ನದಂಥ ಹುಡುಗನನ್ನ ತಿಂದೆ. ಅದು ಅರಗಿತಾ? ಈಗ ಇವಳ ಪಾಳಿಯಾ?"

"ಅತ್ತೆ, ಇವಳು ಹಾಲು ಕುಡೀತಾ ಇದ್ದಾಳೆ. ನೋಡಿ..."

"ಮುಚ್ಚು ಬಾಯಿ. ಮುಚ್ಚೋಕೆ ಬರಲ್ಲ ಅಲ್ಲವಾ ಅದಕ್ಕೆ? ತಟ್ಟೆ ಬಿಟ್ಟು ಏಳು. ಮಗೂನ ಕೊಡು ಇಲ್ಲಿ."

ಲೂರ್ದಮ್ಮ ಅವ್ವನ ಕಡೆ ನೋಡಿದಳು. ಅವ್ವ ಗೋಡೆಗೆ ಒರಗಿ ಕಣ್ಣು ಮುಚ್ಚಿದ್ದರು. ಈ ತುತ್ತನ್ನು ಅವ್ವ ಅವಳ ಬಾಯಿಗೆ ಇಡುವವರಲ್ಲ.

ಮಗು ಎದೆಗೆ ಕಚ್ಚಿಕೊಂಡೇ ಇತ್ತು. ಲೋಕದಲ್ಲಿ ಜಗಳವಿದೆ ಎಂದು ಅದಕ್ಕೆ ಗೊತ್ತಿರಲಿಲ್ಲ.

ಲೂರ್ದಮ್ಮ ಅತ್ತೆಯ ಮುಖ ನೋಡುತ್ತಲೇ ಕೈಯಲ್ಲಿದ್ದ ತುತ್ತನ್ನು ಬಾಯಿಗೆ ಹಾಕಿಕೊಂಡಳು. ಅಗಿದಳು. ನುಂಗಿದಳು. ಇನ್ನೊಂದು ತುತ್ತು ಕಲಸಿದಳು.

ಆರೋಗ್ಯಮ್ಮ ಹೊಸ್ತಿಲು ದಾಟಿ ಒಂದು ಹೆಜ್ಜೆ ಮುಂದೆ ಬಂದಳು. ಆಗ ಅವ್ವ ಕಣ್ಣು ಬಿಟ್ಟರು.

"ಆರೋಗ್ಯಮ್ಮ, ಊಟ ಆಯಿತಾ?"

"ಊಟವಾ?" ಅವಳು ತಿರುಗಿದಳು. "ನಾನೇನು ಉಂಡು ತೇಗಿಕೊಂಡು ಬಂದೆ ಅಂದುಕೊಂಡಿರಾ ಅವ್ವನೋರೇ? ನಾನೂ ಗಂಜಿ ತಿಳಿ ಮೇಲೇ ಇದ್ದೀನಿ. ಬೂದಿ ಇಟ್ಟ ದಿನದಿಂದ. ಸೊಸೆಗೆ ಹರಕೆ ಹೊರಿಸಿ ಅತ್ತೆ ತಿಂದುಕೊಂಡಿದ್ದಾಳೆ ಅಂತ ಹೇಳಿದಳಾ ಇವಳು?"

ಅವ್ವ ಲೂರ್ದಮ್ಮನ ಕಡೆ ನೋಡಿದರು. ಲೂರ್ದಮ್ಮ ತಲೆ ತಗ್ಗಿಸಿದಳು. ಅತ್ತೆ ಹೇಳಿದ್ದು ನಿಜ. ಅದನ್ನು ಅವಳು ಅವ್ವನಿಗೆ ಹೇಳಿರಲಿಲ್ಲ. ಅತ್ತೆಯ ಬಗ್ಗೆ ಇದ್ದ ಒಂದೇ ಒಂದು ಒಳ್ಳೆಯ ಮಾತು ಅದು. ಹೇಳಲು ಅವಳಿಗೆ ಮನಸ್ಸು ಬಂದಿರಲಿಲ್ಲ.

"ಹೋದ ವರ್ಷವೂ ಉಪವಾಸ ಇದ್ದೆಯಾ?" ಅವ್ವ ಕೇಳಿದರು.

"ಇದ್ದೆ. ಪ್ರತಿ ಶುಕ್ರವಾರ. ಹನಿ ನೀರು ಮುಟ್ಟಲಿಲ್ಲ. ನಾಲಿಗೆ ಒಡೆದು ರಕ್ತ ಬಂತು, ಮುಟ್ಟಲಿಲ್ಲ. ಆ ಮಗೂಗೆ ನಾನು ಅಜ್ಜಿ ಅವ್ವನೋರೇ, ಇವಳು ಹೆತ್ತಳು, ಸಾಕಿದ್ದು ನಾನು."

"ಒಂದು ತಪ್ಪೂ ಆಗಲಿಲ್ಲ?"

"ಒಂದೂ ಇಲ್ಲ."

"ಹಾಗಾದರೆ ಇವಳ ಬೆಲ್ಲದ ಚೂರು ದೇವರಿಗೆ ಕಾಣಿಸಿತು. ನಿನ್ನ ಒಡೆದ ನಾಲಿಗೆ ಕಾಣಿಸಲಿಲ್ಲ," ಎಂದರು ಅವ್ವ. "ಎಂಥ ಕಣ್ಣು ಆರೋಗ್ಯಮ್ಮ, ನಿನ್ನ ದೇವರದು!"

ಆರೋಗ್ಯಮ್ಮ ಒಂದು ಹೆಜ್ಜೆ ಹಿಂದೆ ಸರಿದಳು. ಬಾಗಿಲ ಚೌಕಟ್ಟನ್ನು ಹಿಡಿದುಕೊಂಡಳು. ಹಾಗೇ ಜಾರಿ ಕೂತಳು.

ಅವಳು ಕೂತ ಮೇಲೆ ಲೂರ್ದಮ್ಮನಿಗೆ ಕಂಡಿತು, ಅತ್ತೆಯ ಕೆನ್ನೆಯೂ ಗುಳಿ ಬಿದ್ದಿತ್ತು. ಕ್ಷಮಿಸಬೇಕು ಎಂದುಕೊಂಡಳು. ತಪಸ್ಸು ಕಾಲ, ಕ್ಷಮಿಸಬೇಕಾದ ಕಾಲ. ಕರುಣೆ ಬರುತ್ತದೆಯೇನೋ ಎಂದು ಕಾದಳು. ಬರಲಿಲ್ಲ. ಹಸಿವು ಮಾತ್ರ ಇತ್ತು. ಉಂಡಳು.

ಸೊಸೆ ತಟ್ಟೆ ಖಾಲಿ ಮಾಡುವ ಹೊತ್ತಿಗೆ ಆರೋಗ್ಯಮ್ಮ ಮಾತಾಡಿದಳು. ಅದು ಜಗಳದ ದನಿಯಾಗಿರಲಿಲ್ಲ. ಕತ್ತಲಲ್ಲಿ ಗೋಡೆ ತಡವುವವರ ದನಿಯಾಗಿತ್ತು.

"ಇವಳ ತಪ್ಪಲ್ಲ ಅಂತೀರಾ. ಸರಿ, ಇವಳದ್ದಲ್ಲ. ನನ್ನ ಉಪವಾಸದಲ್ಲೂ ಕುಂದು ಇರಲಿಲ್ಲ. ಅದನ್ನ ಆಣೆ ಮಾಡಿ ಹೇಳ್ತೀನಿ. ಹಾಗಾದರೆ ನನ್ನ ಸಿರಿಲ್ ಯಾಕೆ ಹೋದ ಅವ್ವನೋರೇ? ಯಾರೋ ಒಬ್ಬರದ್ದು ತಪ್ಪಾಗಿರಲೇಬೇಕಲ್ಲ. ಯಾರದ್ದೂ ತಪ್ಪಿಲ್ಲ ಅಂದರೆ, ನಾನು ಆ ಮೇಲಿರೋನ ಮುಂದೆ ಇನ್ನು ಹೇಗೆ ಮಂಡಿಯೂರಲಿ? ಹೇಳಿ, ಯಾಕೆ ಹೋದ?"

ಅವ್ವ ಒರಗಿದ್ದ ಗೋಡೆಯನ್ನು ಬಿಟ್ಟು ನೆಟ್ಟಗೆ ಕೂತರು.

"ಅದನ್ನೇ ನಾನೂ ಕೇಳ್ತಾ ಇದ್ದೀನಿ ಆರೋಗ್ಯಮ್ಮ. ಮಠದಲ್ಲಿದ್ದಾಗ ಕೇಳಿದೆ, ಬಿಟ್ಟು ಬಂದು ಕೇಳಿದೆ. ಹಸಿದ ಹೊಟ್ಟೆಯಲ್ಲಿ ಕೇಳಿದೆ, ತುಂಬಿದ ಹೊಟ್ಟೆಯಲ್ಲಿ ಕೇಳಿದೆ. ಇನ್ನೂ ಉತ್ತರ ಬಂದಿಲ್ಲ. ಬರೋವರೆಗೂ ನಿನ್ನ ಸೊಸೆಗೆ ಬಡಿಸು."